ಸಮಪಾಲು ಮತ್ತು ನ್ಯಾಯದ ಪಾಲು

ಎಲ್ಲ ಎಲೆಗಳಿಗೂ ಒಂದೇ ಸಮನಾಗಿ ಬಡಿಸುವುದು ಪಂಕ್ತಿಯ ಧರ್ಮ. ಆದರೆ ಎರಡು ಹೊತ್ತು ಉಣ್ಣದೆ ಬಂದವನಿಗೆ ಒಂದು ರೊಟ್ಟಿ ಹೆಚ್ಚು ಹಾಕಿದರೆ ಪಂಕ್ತಿಭೇದವಾಯಿತೆಂದು ಯಾರೂ ದೂರುವುದಿಲ್ಲ. ಹಿಂದುಳಿದ ಪ್ರದೇಶಗಳ ತರುಣರ ನಿರುದ್ಯೋಗವನ್ನು ನೀಗಿಸಲು ಸರಕಾರವು ಹಣ ಹಂಚುವಾಗಲೂ ಇದೇ ಪ್ರಶ್ನೆ ಏಳುತ್ತದೆ: ಸಮಪಾಲು ಯಾವುದು, ನ್ಯಾಯದ ಪಾಲು ಯಾವುದು?

ಎರಡು ತಾಲ್ಲೂಕುಗಳಿವೆಯೆಂದು ಭಾವಿಸೋಣ. ಒಂದರಲ್ಲಿ ಕೆಲಸವಿಲ್ಲದ ತರುಣರು 1,000, ಇನ್ನೊಂದರಲ್ಲಿ 4,000. ಎರಡಕ್ಕೂ ತಲಾ 1 ಕೋಟಿ ರೂಪಾಯಿ ಕೊಟ್ಟರೆ ಮೊದಲನೆಯ ಕಡೆ ಒಬ್ಬೊಬ್ಬನ ಪಾಲಿಗೆ 10,000 ರೂಪಾಯಿ, ಎರಡನೆಯ ಕಡೆ 2,500 ರೂಪಾಯಿ ಬೀಳುತ್ತದೆ. ತಲೆಯೆಣಿಸಿ ಹಂಚಿದರೆ ಎಲ್ಲರಿಗೂ 4,000. ಇದು ಮೊದಲಿನದಕ್ಕಿಂತ ಮೇಲು; ಆದರೂ ಸಾಲದು. ಮೊದಲ ತಾಲ್ಲೂಕಿನಲ್ಲಿ ತರಬೇತಿ ಶಾಲೆ, ಬಸ್ಸಿನ ಸೌಕರ್ಯ, ಕಾರ್ಖಾನೆಗಳು ಮೊದಲೇ ಇದ್ದು, ಎರಡನೆಯದರಲ್ಲಿ ಅವೆಲ್ಲ ತಳಪಾಯದಿಂದ ಆಗಬೇಕಾಗಿದ್ದರೆ, ಅದೇ 4,000 ರೂಪಾಯಿ ಎರಡೂ ಕಡೆ ಒಂದೇ ಫಲ ಕೊಡಲಾರದು. ಆದ್ದರಿಂದ ಜನಸಂಖ್ಯೆಯ ಜೊತೆಗೆ ಕೊರತೆಯನ್ನೂ ಅಳೆಯಬೇಕಾಗುತ್ತದೆ.

ಈ ಅಳತೆಯನ್ನು ನಮ್ಮ ನಾಡಿನಲ್ಲಿ ಕ್ರಮಬದ್ಧವಾಗಿ ಮಾಡಿದ್ದು ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ. 2002ರಲ್ಲಿ ವರದಿ ಒಪ್ಪಿಸಿದ ಈ ಸಮಿತಿಯು ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನೇ ಘಟಕವಾಗಿ ತೆಗೆದುಕೊಂಡಿತು. 35 ಸೂಚಕಗಳನ್ನು ಒಟ್ಟುಗೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಪ್ರತಿ ತಾಲ್ಲೂಕನ್ನೂ ತೂಗಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ ದೇವದುರ್ಗವೂ ಸೇರಿದಂತೆ 39 ಅತ್ಯಂತ ಹಿಂದುಳಿದವೆಂದೂ ಕಂಡುಬಂದಿತು. ಈ 39ರಲ್ಲಿ 26 ಉತ್ತರ ಕರ್ನಾಟಕದವು, 13 ದಕ್ಷಿಣದವು. ಹಿಂದುಳಿದಿರುವಿಕೆ ಒಂದು ದಿಕ್ಕಿನಲ್ಲಿ ಹೆಚ್ಚಾಗಿದ್ದರೂ ಆ ದಿಕ್ಕಿಗಷ್ಟೇ ಸೀಮಿತವಲ್ಲವೆಂಬುದು ಇದರಿಂದ ತಿಳಿಯಿತು.

ಈ ಕ್ರಮದ ಸಾರ ಸರಳವಾಗಿದೆ. ಒಂದು ತಾಲ್ಲೂಕಿನ ಅಂಕ 0.90 ಇದ್ದರೆ ಅದರ ಕೊರತೆ 0.10, ಇನ್ನೊಂದರ ಅಂಕ 0.60 ಇದ್ದರೆ ಕೊರತೆ 0.40. ಕೊರತೆ ನಾಲ್ಕು ಪಟ್ಟಾದರೆ ಹೆಚ್ಚುವರಿ ಹಣದ ಪಾಲೂ ಅದಕ್ಕೆ ತಕ್ಕಂತೆ ಇರಬೇಕು. 8 ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಸೂಚಿಸಿತು, ಅದರಲ್ಲಿ ಶೇ. 60 ಭಾಗ ಉತ್ತರಕ್ಕೆ, ಶೇ. 40 ಭಾಗ ದಕ್ಷಿಣಕ್ಕೆ.

ಮುಂದೆ 2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371(ಜೆ) ವಿಧಿ ಸೇರಿತು. ಇಂದು ಕಲ್ಯಾಣ ಕರ್ನಾಟಕವೆಂದು ಕರೆಯುವ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅಭಿವೃದ್ಧಿ ವೆಚ್ಚದಲ್ಲಿ ನ್ಯಾಯೋಚಿತ ಹಂಚಿಕೆ, ಸರಕಾರಿ ನೌಕರಿ, ಶಿಕ್ಷಣ ಹಾಗೂ ವೃತ್ತಿ ತರಬೇತಿಗಳಲ್ಲಿ ನ್ಯಾಯೋಚಿತ ಅವಕಾಶ, ಇವು ಅದರ ತಿರುಳು. ಸ್ಥಳೀಯರಿಗೆ ಆ ಪ್ರದೇಶದ ‘ಸಿ’ ದರ್ಜೆಯ ಹುದ್ದೆಗಳಲ್ಲಿ ಶೇ. 80, ‘ಡಿ’ ದರ್ಜೆಯಲ್ಲಿ ಶೇ. 85 ಮೀಸಲು. 2023-24ರ ಬಜೆಟ್ಟಿನಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು.

ಆದರೆ ಘೋಷಿಸಿದ ಹಣ ಬೇರೆ, ಕೈಸೇರಿದ ಹಣ ಬೇರೆ. ಆರ್ಥಿಕ ವರ್ಷದ ಕೊನೆಯ ತಿಂಗಳುಗಳಲ್ಲಿ ಹಣ ಬಿಡುಗಡೆಯಾದರೆ ಅದು ಬೇಗ ಬಿಲ್ಲು ಮಾಡಬಹುದಾದ ಕಾಮಗಾರಿಗಳಿಗೇ ಹೋಗುತ್ತದೆ. ಕಟ್ಟಡ ಏಳುತ್ತದೆ; ಒಳಗೆ ಕಲಿಸುವವರು ಇರುವುದಿಲ್ಲ. ಮೀಸಲಾತಿಯೂ ಹಾಗೆಯೇ: ಭರ್ತಿಯಾಗದ ಹುದ್ದೆಯಲ್ಲಿ ಶೇ. 80 ಪಾಲಿದ್ದರೂ ಯಾರ ಮನೆಯ ಒಲೆಯೂ ಉರಿಯದು. ಅಲ್ಲಿಯವರೆಗೆ ಯಾದಗಿರಿ, ರಾಯಚೂರು, ಕಲಬುರಗಿಗಳ ಹಳ್ಳಿಗಳಿಂದ ಬೆಂಗಳೂರು, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ತಪ್ಪುವುದಿಲ್ಲ. ಗುಳೆ ಹೋದ ಸಂಸಾರದ ಮಕ್ಕಳ ಓದು ನಡುವೆಯೇ ನಿಲ್ಲುತ್ತದೆ. ಇಂದಿನ ನಿರುದ್ಯೋಗ ನಾಳಿನ ನಿರುದ್ಯೋಗಕ್ಕೆ ಬೀಜವಾಗುತ್ತದೆ.

ನೇರ ನೆರವಿನ ಮಿತಿಯನ್ನೂ ನೋಡಬೇಕು. 2023ರಲ್ಲಿ ಪ್ರಾರಂಭವಾದ ಯುವನಿಧಿ ಯೋಜನೆಯು ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನು ಹೆಚ್ಚೆಂದರೆ ಎರಡು ವರ್ಷ ಕೊಡುವಂತೆ ರೂಪಿತವಾಯಿತು. ಕೆಲಸ ಹುಡುಕುವವನ ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ ಇದು ಆಸರೆ. ಆದರೆ ಹತ್ತನೆಯ ತರಗತಿಗೇ ಶಾಲೆ ಬಿಟ್ಟ ಹುಡುಗ ಅದರ ಹೊರಗೆ ಉಳಿಯುತ್ತಾನೆ; ಹಿಂದುಳಿದ ತಾಲ್ಲೂಕುಗಳಲ್ಲಿ ಅಂಥವರು ಕಡಿಮೆಯೇನಿಲ್ಲ. ಅವರಿಗೆ ಬೇಕಾದುದು ಕೈಕಸುಬು ಮತ್ತು ಅದಕ್ಕೆ ಊರ ಹತ್ತಿರವೇ ಕೆಲಸ. ಕಲಬುರಗಿಯ ತೊಗರಿ ಬೇಳೆ ಗಿರಣಿ, ರಾಯಚೂರಿನ ಹತ್ತಿ, ಬಳ್ಳಾರಿಯ ಜೀನ್ಸ್ ಹೊಲಿಗೆ, ಇಂಥವುಗಳಿಗೆ ಹೊಂದಿದ ತರಬೇತಿಯೇ ಉಪಯುಕ್ತ.

ಪ್ರಾದೇಶಿಕ ಅಸಮತೋಲವನ್ನು ಮತ್ತೆ ಪರಿಶೀಲಿಸಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ನೇಮಕವಾಯಿತು. ಅಳತೆಗೋಲು ಕಾಲಕಾಲಕ್ಕೆ ಹೊಸದಾಗುವುದು ಒಳ್ಳೆಯದೇ. ಆದರೆ ಯಾವ ಕೋಲಿನಿಂದ ಅಳೆದರೂ ಮೂರು ಮಾತು ಕೇಳಲೇಬೇಕು. ಹಣ ಕೊರತೆಗೆ ತಕ್ಕಂತೆ ಬಂದಿತೇ? ಹೊತ್ತಿಗೆ ಸರಿಯಾಗಿ ಬಂದಿತೇ? ಅದರಿಂದ ಎಷ್ಟು ತರುಣರು ದುಡಿದು ಉಣ್ಣುವಂತಾದರು? ಮೊದಲೆರಡಕ್ಕೆ ಉತ್ತರ ಕಚೇರಿಯ ಕಡತದಲ್ಲಿ ಸಿಕ್ಕೀತು. ಮೂರನೆಯದಕ್ಕೆ ಊರಿಗೇ ಹೋಗಿ ಕೇಳಬೇಕು.