ಎಗ್ಮೋರಿನಲ್ಲಿ ಎಲುಬೂ ಕಂಚೂ

ಚೆನ್ನೈಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ಮರೀನಾ ಇರುತ್ತದೆ, ಕಪಾಲೀಶ್ವರನ ಗುಡಿ ಇರುತ್ತದೆ, ಟಿ. ನಗರದ ಸೀರೆ ಅಂಗಡಿಗಳಂತೂ ಇದ್ದೇ ಇರುತ್ತವೆ. ಎಗ್ಮೋರಿನ ಪ್ಯಾಂಥಿಯನ್ ರಸ್ತೆಯಲ್ಲಿರುವ ಸರ್ಕಾರಿ ಮ್ಯೂಸಿಯಂಗೂ ಅದರಲ್ಲಿ ಒಂದು ಇಡೀ ದಿನ ಸಲ್ಲಬೇಕು. 1851ರಲ್ಲಿ ಹನ್ನೊಂದು ನೂರರಷ್ಟು ಕಲ್ಲು, ಖನಿಜಗಳ ಮಾದರಿಗಳಿಂದ ಶುರುವಾದ ಸಂಗ್ರಹ ಇದು. ಮೊದಲ ಮೇಲ್ವಿಚಾರಕ ಎಡ್ವರ್ಡ್ ಬಾಲ್ಫರ್ ವೃತ್ತಿಯಿಂದ ವೈದ್ಯ. ಅವರು ಆವರಣದಲ್ಲಿ ಜೀವಂತ ಪ್ರಾಣಿಗಳನ್ನೂ ಸಾಕಿದರು. ಮದ್ರಾಸಿನ ಮೃಗಾಲಯ 1855ರಲ್ಲಿ ಹುಟ್ಟಿದ್ದು ಅಲ್ಲಿಯೇ.

ಮೊದಲು ಪ್ರಾಣಿ ವಿಭಾಗಕ್ಕೆ ಹೋಗಿ. ತಿಮಿಂಗಿಲದ ಅಸ್ಥಿಪಂಜರದ ಗಾತ್ರ ಕಂಡು ಮಕ್ಕಳು ಬಾಯಿ ತೆರೆದು ನಿಲ್ಲುತ್ತಾರೆ. ಅವರಿಗೆ ಅದರ ಈಜುರೆಕ್ಕೆಯನ್ನು ತೋರಿಸಿ. ತೋಳಿನ ಮೂಳೆ, ಮಣಿಕಟ್ಟು, ಬೆರಳುಗಳು, ಎಲ್ಲವೂ ನಮ್ಮ ಕೈಯಲ್ಲಿರುವ ಕ್ರಮದಲ್ಲೇ ಇವೆ. ಪಾಠದಲ್ಲಿ ಓದಿದ ಜೀವವಿಕಾಸ ಅಲ್ಲಿ ಕಣ್ಣಿಗೇ ಕಾಣುತ್ತದೆ.

ಎಲುಬು ನೋಡಿ ಪಳಗಿದ ಕಣ್ಣಿನಿಂದ ಕಂಚಿನ ಗ್ಯಾಲರಿಗೆ ಬಂದರೆ ಚೋಳರ ಸ್ಥಪತಿಗಳು ಬೇರೆಯಾಗಿಯೇ ಕಾಣುತ್ತಾರೆ. ತಿರುವೆಂಕಾಡಿನ ಅರ್ಧನಾರೀಶ್ವರನಿಗೆ ಬಲಕ್ಕೆ ಎರಡು ಕೈ, ಎಡಕ್ಕೆ ಒಂದು. ಒಂದು ಪಕ್ಕ ನೇರ ಸೊಂಟ, ಇನ್ನೊಂದು ಪಕ್ಕ ಬಳುಕಿದ ಸೊಂಟ. ಆದರೂ ಎರಡು ದೇಹಗಳನ್ನು ಅಂಟಿಸಿದಂತೆ ಎಲ್ಲಿಯೂ ಅನಿಸುವುದಿಲ್ಲ. ಒಳಗೆ ಒಂದೇ ಬೆನ್ನೆಲುಬು ಇದೆ ಎಂದು ನಂಬಿಸುವ ಕೆಲಸ ಅದು. ಮೇಣದಲ್ಲಿ ಮೂರ್ತಿ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿ, ಆ ಟೊಳ್ಳಿಗೆ ಲೋಹ ಹೊಯ್ಯುತ್ತಿದ್ದರು. ಅಚ್ಚು ಒಡೆದ ಮೇಲೆ ಅಂಥದ್ದೇ ಇನ್ನೊಂದು ಬರುತ್ತಿರಲಿಲ್ಲ. ತಿರುವಾಲಂಗಾಡಿನ ನಟರಾಜನನ್ನು ಫ್ರೆಂಚ್ ಶಿಲ್ಪಿ ರೋದ್ಯಾ ಬರೀ ಫೋಟೋದಲ್ಲಿ ನೋಡಿಯೇ ಬೆರಗಾಗಿ ಬರೆದರು. ನಾವು ಎದುರಿಗೇ ನಿಂತು ನೋಡಬಹುದು.

ಇಂಥ ಎಷ್ಟೋ ವಿಗ್ರಹಗಳು ನಿಧಿಯಾಗಿ ನೆಲದಿಂದ ಸಿಕ್ಕವು. ಮಣ್ಣಿನ ಉಪ್ಪು ಕಂಚನ್ನು ತಿನ್ನುತ್ತದೆ, ಹೊರತೆಗೆದ ಮೇಲೂ ತಿನ್ನುತ್ತಲೇ ಇರುತ್ತದೆ. 1930ರಲ್ಲಿ ಇಲ್ಲಿ ರಸಾಯನ ಪ್ರಯೋಗಾಲಯ ತೆರೆದು ಎಸ್. ಪರಮಶಿವನ್ ವಿದ್ಯುತ್ತಿನ ಸಹಾಯದಿಂದ ಆ ಕಿಲುಬನ್ನು ಬಿಡಿಸಿದರು. ಈ ವಿಜ್ಞಾನಿಯ ಹೆಸರು ಸ್ಥಪತಿಗಳ ಜೊತೆಗೇ ನೆನೆಯಬೇಕಾದದ್ದು. ಇದೇ ಮ್ಯೂಸಿಯಂಗೆ ಬಂದ ಅಮರಾವತಿಯ ಸ್ತೂಪದ ಕೆತ್ತನೆಯ ಕಲ್ಲುಗಳಿಗೆ ಅಂಥ ಆರೈಕೆಯ ಭಾಗ್ಯ ಬೇಗ ಒದಗಲಿಲ್ಲ. ಕೆಲವು 1859ರಲ್ಲಿ ಲಂಡನ್ನಿಗೆ ಹೋದವು. ಉಳಿದವನ್ನು ಗೋಡೆಗೆ ಸಿಮೆಂಟಿನಿಂದ ಕೂರಿಸಿದ್ದರಿಂದ ತೇವ, ಉಪ್ಪು ಏರಿ ಸವೆದವು. ಅಷ್ಟು ಸೂಕ್ಷ್ಮ ಕೆತ್ತನೆ ಸವೆದದ್ದನ್ನು ನೋಡುವುದು ಕಷ್ಟ.

ಕನ್ನಡಿಗರು ಕೇಳಿಕೊಂಡು ಹೋಗಿ ನೋಡಬೇಕಾದದ್ದು ಹೇಮಾವತಿಯ ನೊಳಂಬರ ಶಿಲ್ಪಗಳು. ಕನ್ನಡದಲ್ಲಿ ಶಾಸನ ಬರೆಸಿದ ಆ ಅರಸರ ರಾಜಧಾನಿ ನಮ್ಮ ಗಡಿಯಾಚೆ, ಈಗಿನ ಆಂಧ್ರದಲ್ಲಿದೆ. ಸಿ. ಶಿವರಾಮಮೂರ್ತಿ ಈ ಶಿಲ್ಪಗಳ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಇದೇ ಆವರಣದ ಕೆಂಪು ಕಟ್ಟಡ, ನ್ಯಾಷನಲ್ ಆರ್ಟ್ ಗ್ಯಾಲರಿಯ ವಿನ್ಯಾಸ ಹೆನ್ರಿ ಇರ್ವಿನ್ ಅವರದು. ಮೈಸೂರು ಅರಮನೆಯನ್ನು ರೂಪಿಸಿದವರೂ ಅವರೇ.

ಬೆಳಿಗ್ಗೆಯೇ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಶುಕ್ರವಾರ ಮ್ಯೂಸಿಯಂಗೆ ರಜೆ.