ಗುಟ್ಟು ಕಾಯಲಿ, ಆದರೆ ವೈದ್ಯರು ಕೇಳಲಿ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಉತ್ತರ ಕರ್ನಾಟಕದ ಉಪವಿಭಾಗವೊಂದರಲ್ಲಿ ಅಧಿಕಾರಿಯಾಗಿದ್ದೆ. ನನ್ನ ಜೀಪಿನ ಚಾಲಕ ಒಂದೇ ವರ್ಷದಲ್ಲಿ ಮೂರು ಬಾರಿ ಏಕಾಏಕಿ ರಜೆ ಕೇಳಿದ. ಕಾರಣವೇನೆಂದು ಒತ್ತಾಯಿಸಿದಾಗ, 'ಹೇಳಬಾರದ ಜಡ್ಡು ಐತ್ರೀ ಸಾಹೇಬ್ರ' ಎಂದು ತಲೆ ತಗ್ಗಿಸಿದ. ಪಟ್ಟಣದ ವೈದ್ಯರು ಪ್ರತಿ ಸಲವೂ ಮಾತ್ರೆ ಕೊಟ್ಟಿದ್ದರು, ಪ್ರತಿ ಸಲವೂ ಗುಣವಾಗಿ ಮತ್ತೆ ಮರುಕಳಿಸಿತ್ತು. ಮನೆಯಲ್ಲಿದ್ದ ಹೆಂಡತಿಗೂ ಚಿಕಿತ್ಸೆ ಬೇಕೆಂದು ಯಾರೂ ಹೇಳಿರಲಿಲ್ಲ. ಆಕೆಗೆ ಯಾವ ಲಕ್ಷಣವೂ ಇರಲಿಲ್ಲ. ಕೆಲವು ವರ್ಷಗಳ ಬಳಿಕ ಗರ್ಭನಾಳಗಳು ಮುಚ್ಚಿಹೋಗಿವೆಯೆಂದು ತಿಳಿಯುವ ಹೊತ್ತಿಗೆ ಊರು ಆಕೆಗೆ ಬಂಜೆಯೆಂಬ ಹೆಸರಿಟ್ಟಾಗಿತ್ತು. ನಾನಾದರೂ ಅಂದು ವಿಚಾರಿಸಿದ್ದು ರಜೆಯ ಬಗೆಗೆ ಮಾತ್ರ.

ಒಬ್ಬನ ಚಿಕಿತ್ಸೆಯ ಲಾಭನಷ್ಟ ಅವನೊಬ್ಬನಲ್ಲೇ ನಿಲ್ಲದು. ಅರ್ಥಶಾಸ್ತ್ರದಲ್ಲಿ ಓದಿದ ಈ ಪಾಠಕ್ಕೆ ಲೈಂಗಿಕ ಸೋಂಕಿಗಿಂತ ಸ್ಪಷ್ಟ ನಿದರ್ಶನ ನನಗೆ ಸಿಕ್ಕಿಲ್ಲ. ಟಾಂಜಾನಿಯಾದ ಮ್ವಾಂಜಾ ಪ್ರದೇಶದ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿಗೆ ತರಬೇತಿಯನ್ನೂ ಔಷಧಿಯನ್ನೂ ಒದಗಿಸಿ ಈ ಚಿಕಿತ್ಸೆಯನ್ನು ಸುಧಾರಿಸಿದಾಗ, ಹೊಸ ಎಚ್‌ಐವಿ ಸೋಂಕುಗಳು ಸುಮಾರು ಶೇ 40ರಷ್ಟು ತಗ್ಗಿದುದನ್ನು 1995ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮುಂದೆ ಉಗಾಂಡಾದ ಪ್ರಯೋಗಗಳಲ್ಲಿ ಅದೇ ಫಲ ಕಾಣಲಿಲ್ಲವೆಂಬುದು ನಿಜ. ಆದರೆ ಬಂಜೆತನವನ್ನೂ ಶಿಶುಮರಣವನ್ನೂ ತಪ್ಪಿಸಲು ಎಚ್‌ಐವಿಯ ನೆಪವೇಕೆ?

ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ಲಕ್ಷಣಾಧಾರಿತ ಚಿಕಿತ್ಸೆಗಾಗಿ ಬೇರೆ ಬೇರೆ ಬಣ್ಣದ ಏಳು ಔಷಧಿ ಕಿಟ್‌ಗಳನ್ನು ರೂಪಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್'ಗಳು ತೆರೆದವು. ಆದರೆ ಸಂಕೋಚದ ಕಾಯಿಲೆ ಹೊತ್ತವರು ಮೊದಲು ಹೋಗುವುದು ಬೀದಿಯಂಚಿನ ಖಾಸಗಿ ವೈದ್ಯರ ಬಳಿಗೆ, ಇಲ್ಲವೇ ಔಷಧಿ ಅಂಗಡಿಗೆ. ಅರೆಬರೆ ನುಂಗಿದ ಮಾತ್ರೆಗಳ ಫಲವೂ ಕಣ್ಣ ಮುಂದಿದೆ. ಒಂದು ಕಾಲಕ್ಕೆ ಗನೋರಿಯಾಕ್ಕೆ ಸಾಕಾಗುತ್ತಿದ್ದ ಸಿಪ್ರೋಫ್ಲಾಕ್ಸಾಸಿನ್ ಇಂದು ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ.

ಆದ್ದರಿಂದ ಸುಧಾರಣೆ ಸಾಮಾನ್ಯ ವೈದ್ಯರ ಕೊಠಡಿಯಿಂದಲೇ ಆರಂಭವಾಗಬೇಕು. ಕಾಂಪೌಂಡರಿನ ಕಿವಿಗೆ ಬೀಳದಂತೆ ರೋಗಿಯ ಮಾತು ಕೇಳಬೇಕು. ಸೂಕ್ತ ಔಷಧಿಯ ಪೂರ್ಣ ಪ್ರಮಾಣ ಕೊಡಬೇಕು. ಸಿಫಿಲಿಸ್ ಹಾಗೂ ಎಚ್‌ಐವಿಗೆ ರಕ್ತಪರೀಕ್ಷೆ ಮಾಡಿಸಬೇಕು. ಲಕ್ಷಣವಿರಲಿ ಬಿಡಲಿ, ಸಂಗಾತಿಗೂ ಚಿಕಿತ್ಸೆ ಕೊಡಿಸಬೇಕು, ಕಾಂಡೋಮಿನ ಬಳಕೆಯನ್ನು ನಾಚಿಕೆಯಿಲ್ಲದೆ ತಿಳಿಸಬೇಕು. ಗರ್ಭಿಣಿಯಲ್ಲಿ ಸಿಫಿಲಿಸ್ ಬೇಗ ಪತ್ತೆಯಾದರೆ ಅಗ್ಗದ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಹೊಟ್ಟೆಯೊಳಗಿನ ಮಗುವನ್ನೂ ಕಾಯುತ್ತದೆ. ಸರ್ಕಾರವು ಖಾಸಗಿ ವೈದ್ಯರಿಗೆ ತರಬೇತಿಯನ್ನೂ ಕಿಟ್‌ಗಳನ್ನೂ ಒದಗಿಸಿದರೆ, ಆ ವೆಚ್ಚ ಬಂಜೆತನದ ಚಿಕಿತ್ಸೆಗಾಗಿ ಕುಟುಂಬಗಳು ಮಾಡುವ ಸಾಲದ ಮುಂದೆ ಏನೂ ಅಲ್ಲ.

ನನ್ನ ಚಾಲಕನಿಗೆ ಅಂದು ದೊಡ್ಡ ಆಸ್ಪತ್ರೆಯೇನೂ ಬೇಕಿರಲಿಲ್ಲ. ಬಾಗಿಲು ಮುಚ್ಚಿ ಯಾರಾದರೊಬ್ಬರು, 'ಮನೆಯವರನ್ನೂ ಕರಕೊಂಡು ಬಾರಪ್ಪಾ' ಎಂದಿದ್ದರೆ ಸಾಕಿತ್ತು.