ನಿಮಗಿದು ಗೊತ್ತೇ? ಹುಳುಕು ಹಲ್ಲು, ಐಸಿಯು ಬಿಲ್ಲು

★ ಹುಳುಕು ಹಲ್ಲನ್ನು ಕೀಳಿಸಲು ಒಂದು ಕುರ್ಚಿ, ಒಂದು ಇಂಜೆಕ್ಷನ್ ಸಾಕು. ಅದರ ಕೀವು ಕತ್ತಿಗಿಳಿದರೆ ಸಿ.ಟಿ. ಸ್ಕ್ಯಾನ್, ಆಪರೇಷನ್ ಥಿಯೇಟರ್, ಅರಿವಳಿಕೆ ತಜ್ಞರು, ಐಸಿಯು ಎಲ್ಲವೂ ಬೇಕಾಗಬಹುದು. ಆಗ ದುಡ್ಡು ಸುರಿಯುವುದು ಹಲ್ಲಿಗಲ್ಲ, ಉಸಿರು ಉಳಿಸಿಕೊಳ್ಳಲು.

★ 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 12 ವರ್ಷದ ಬಾಲಕನೊಬ್ಬನ ಹಲ್ಲಿನ ಸೋಂಕು ಮಿದುಳಿಗೇರಿತು. ಹಲ್ಲು ಕೀಳಿಸಲು ಸುಮಾರು 80 ಡಾಲರ್ ಸಾಕಿತ್ತು. ಎರಡು ಮಿದುಳು ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆವಾಸ ಸೇರಿ ಖರ್ಚು ಸುಮಾರು 2.5 ಲಕ್ಷ ಡಾಲರ್ ಆಯಿತು. ಹುಡುಗ ಉಳಿಯಲಿಲ್ಲ.

★ ಕೆಳದವಡೆಯ ಕೊನೆಯ ಹಲ್ಲುಗಳ ಬೇರು ನಾಲಿಗೆಯಡಿಯ ಸ್ನಾಯುವಿಗಿಂತಲೂ ಕೆಳಕ್ಕಿಳಿದಿರುತ್ತದೆ. ಹಾಗಾಗಿ ಅಲ್ಲಿನ ಕೀವು ಸೀದಾ ಗದ್ದದಡಿ ಸೇರುತ್ತದೆ. ಎರಡೂ ಬದಿ ಊದಿಕೊಂಡರೆ ನಾಲಿಗೆ ಮೇಲೆದ್ದು ಹಿಂದಕ್ಕೆ ಸರಿಯುತ್ತದೆ, ಉಸಿರಿನ ದಾರಿ ಕಟ್ಟುತ್ತದೆ. ಇದೇ ಲುಡ್ವಿಗ್ ಆಂಜೈನಾ. 1836ರಲ್ಲಿ ಇದನ್ನು ವಿವರಿಸಿದವರು ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೆಡ್ರಿಕ್ ವಾನ್ ಲುಡ್ವಿಗ್. ಆಂಟಿಬಯಾಟಿಕ್ ಬರುವ ಮುನ್ನ ಇದು ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಬಾಯಿಯೇ ತೆರೆಯದವರಿಗೆ ಉಸಿರಾಟದ ಕೊಳವೆ ಇಳಿಸುವುದು ಇಂದಿಗೂ ಕಷ್ಟ; ಕೆಲವರಿಗೆ ಕತ್ತಿನಲ್ಲೇ ರಂಧ್ರ ಮಾಡಬೇಕಾಗುತ್ತದೆ.

★ ಮೆಡಿಕಲ್ ಶಾಪಿನ ಮಾತ್ರೆ ಏಕೆ ಸಾಲದು? ಹಲ್ಲಿನ ಒಳತಿರುಳು ಸತ್ತರೆ ಅಲ್ಲಿಗೆ ರಕ್ತ ಹೋಗುವುದಿಲ್ಲ, ರಕ್ತದ ಜತೆ ಹೋಗಬೇಕಾದ ಔಷಧವೂ ತಲುಪುವುದಿಲ್ಲ. ಸಹಿಸಲಾರದಷ್ಟಿದ್ದ ನೋವು ತಾನಾಗಿ ನಿಂತಿತೆಂದರೆ ವಾಸಿಯಾಯಿತೆಂದು ನಂಬಬೇಡಿ, ನರ ಸತ್ತಿರಬಹುದು.

★ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಸೋಂಕು ಬೇಗ ಹಬ್ಬುತ್ತದೆ, ವಾರ್ಡಿನ ದಿನಗಳೂ ಹೆಚ್ಚುತ್ತವೆ.

★ ಚಿಕಿತ್ಸೆ ತಡವಾಗುವುದೇಕೆ? ಕೆಜಿಎಫ್‌ನ (ಕೋಲಾರ ಚಿನ್ನದ ಗಣಿ) ಕಾರ್ಮಿಕರಿಗೆ ಕಂಪನಿಯದೇ ದೊಡ್ಡ ಆಸ್ಪತ್ರೆಯಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆಸ್ಪತ್ರೆಯೂ ಪಾಳುಬಿತ್ತು. ಈಗ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿಗೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರೇ ಬಹಳ. ಅವರು ರಾತ್ರಿ ಇಳಿಯುವ ಹೊತ್ತಿಗೆ ಹೊರರೋಗಿ ವಿಭಾಗಕ್ಕೆ ಬೀಗ ಬಿದ್ದಿರುತ್ತದೆ. ಒಂದು ದಿನದ ಕೂಲಿ ಬಿಡಲಾಗದೆ ಲವಂಗ ಕಚ್ಚಿಕೊಂಡು ವಾರ ತಳ್ಳುವವರನ್ನು ಉದಾಸೀನದವರು ಎನ್ನುವುದು ಅನ್ಯಾಯ. ಸಂಜೆ ಪಾಳಿಯ ದಂತ ಚಿಕಿತ್ಸೆ ಇಲ್ಲಿಗೆ ಬೇಕೇ ಬೇಕು.

★ ಬೆಮಲ್ ನಗರದಲ್ಲೇ ಕೆಜಿಎಫ್ ದಂತ ವೈದ್ಯಕೀಯ ಕಾಲೇಜಿದೆ. ಬೆಂಗಳೂರಿನ ಕೋಟೆ ಬಳಿ, ವಿಕ್ಟೋರಿಯಾ ಆಸ್ಪತ್ರೆಗೆ ಹತ್ತಿರದಲ್ಲೇ, ಸರ್ಕಾರಿ ದಂತ ಕಾಲೇಜಿದೆ.

★ 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆಯಿದೆ. ಖಾಸಗಿ ವಿಮೆಗಳಲ್ಲಿ ಹಲ್ಲು ಕೀಳಿಸಿದ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ. ಪಾಲಿಸಿ ಕೊಳ್ಳುವಾಗಲೇ ಕೇಳಿ.

★ ಎಂಜಲು ನುಂಗಲಾಗುತ್ತಿಲ್ಲವೇ? ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲವೇ? ಗದ್ದದಡಿ ಗಟ್ಟಿ ಊತ, ಜ್ವರ ಇದೆಯೇ? ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಉಸಿರಾಟ ಕಷ್ಟವಾಗುತ್ತಿದ್ದರೆ ಅಂಗಾತ ಮಲಗಿಸದೆ ಕೂರಿಸಿಕೊಂಡೇ ಕರೆದೊಯ್ಯಿರಿ.